ಹದಿನಾಲ್ಕು ಇಂಚು

ಡಾಕ್ಟರ್ ಸಫ್ರೀನಾ ಕೇಳಿದ್ದು ಒಂದೇ ಪ್ರಶ್ನೆ:
"ಎಂತ ತಿಂದಿದೆ ಇದು?"

ಸ್ಟೀಲಿನ ಮೇಜಿನ ಮೇಲೆ ಬೊಳ್ಳು
ಒದ್ದೆ ಗೋಣಿಯ ಹಾಗೆ ಬಿದ್ದಿದ್ದಾನೆ.
ರಾತ್ರಿ ಎರಡರಿಂದ ಏಳು ಸಲ ಕಾರಿದ.
ಹಿಂಬಾಗಿಲಿನ ಲೆಕ್ಕ ನಾನು ಇಡಲಿಲ್ಲ,
ವಾರಿಜ ಇಟ್ಟಳು, ಫಿನಾಯಿಲ್ ಬಾಟಲಿ ಹಿಡಿದು.
ಲ್ಯಾನ್ಸಿಯ ರಿಕ್ಷಾದ ಹಿಂದಿನ ಸೀಟನ್ನು
ನಾಳೆ ನಾನೇ ಹೊಸತು ಹೊಲಿದು ಕೊಡಬೇಕು.

"ಗಂಜಿ ಮಾತ್ರ ಡಾಕ್ಟ್ರೆ. ಬಂಗುಡೆಯ ಮುಳ್ಳು ಬಿಡಿಸಿ
ಚೂರು ಮೀನು, ಉಪ್ಪಿಲ್ಲದೆ.
ಹೊರಗಿನದ್ದು ಮೂಸಲಿಕ್ಕೂ ಬಿಡುವುದಿಲ್ಲ ನಾನು"
ಎನ್ನುತ್ತಾಳೆ ವಾರಿಜ,
ರ‍್ಯಾಂಕ್ ಬಂದ ಮಗುವಿನ ತಾಯಿಯ ದನಿಯಲ್ಲಿ.

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ.
ಅದರೊಳಗಿನ ಜರ್ಸಿ ದನ
ನನ್ನನ್ನೇ ನೋಡುತ್ತದೆ.

ಬೋಳಾರದಲ್ಲಿ ನನ್ನ ಟೈಲರ್ ಅಂಗಡಿ.
ನಾಲ್ಕು ಗಂಟೆಗೆ ಸರಿಯಾಗಿ ಬರುತ್ತಾನೆ ಬೊಳ್ಳು.
ಎದುರಿನ ಹೋಟೆಲಿನ ಬಾಣಲೆಯಲ್ಲಿ
ಬನ್ಸ್ ಉಬ್ಬುವ ಹೊತ್ತು ಅದು.
ಸಿಪ್ಪೆ ಕಪ್ಪಾದ ಬಾಳೆಹಣ್ಣು, ಸಕ್ಕರೆ, ಜೀರಿಗೆ,
ಒಂದಿಡೀ ರಾತ್ರಿ ಹುಳಿ ಬಂದ ಹಿಟ್ಟು,
ಎಣ್ಣೆಯಲ್ಲಿ ಒಮ್ಮೆ ಮಗುಚಿದರೆ
ನೆಂಟರ ಮನೆಗೆ ಹೊರಟ ಹುಡುಗಿಯ ಕೆನ್ನೆ.

ನನಗೆ ಸಕ್ಕರೆ ಕಾಯಿಲೆ, ಆರು ವರ್ಷ.
ಬಾಳೆಹಣ್ಣೂ ಬೇಡ ಎಂದಿದ್ದಾರೆ.
ನಾಯಿಗೆ ಬೇಡ ಎಂದು
ಯಾರೂ ಬರೆದು ಕೊಟ್ಟಿರಲಿಲ್ಲ.

"ಶೀನಣ್ಣಾ, ನಾಯಿಗೆ ಬನ್ಸ್" ಎಂದರೆ
ನಾಲ್ಕು ಕಟ್ಟುತ್ತಾರೆ ಶೀನಣ್ಣ, ಚಟ್ನಿ ಸಹಿತ.
ನಾಯಿ ಚಟ್ನಿ ತಿನ್ನುತ್ತದಾ ಎಂದು
ಅವರು ಕೇಳಿದ್ದಿಲ್ಲ, ನಾನು ಹೇಳಿದ್ದಿಲ್ಲ.
ಒಳ್ಳೆಯ ವ್ಯಾಪಾರಿ.

ಬೊಳ್ಳುವಿಗೆ ಅರ್ಧ. ನನಗೆ ಮೂರೂವರೆ.
ಹಂಚುವಾಗಲೂ ನಾನು ಅಳತೆ ತಪ್ಪುವವನಲ್ಲ.
ಆಮೇಲೆ ಬಾಯಿ ಒರೆಸಲು
ಪಾಪ್ಲಿನ್ ಚೂರು, ಒಂದು ಅವನಿಗೆ, ಒಂದು ನನಗೆ,
ಮತ್ತೆ ಮೆಷಿನು ಟಕಟಕ,
ಏನೂ ಆಗದವರ ಹಾಗೆ ಇಬ್ಬರೂ.

ನಿನ್ನೆ ವಾರಿಜ ಬಂದಳು, ಹೇಳದೆ ಕೇಳದೆ,
ಸೀರೆಗೆ ಫಾಲ್ ಹಚ್ಚಿಸಲು.
ಮೆಟ್ಟಿಲಲ್ಲಿ ಚಪ್ಪಲಿ ಸದ್ದು ಕೇಳಿದ್ದೇ ತಡ
ಬಿಚ್ಚದ ಪೊಟ್ಟಣ
ಪೆಡಲಿನ ಕೆಳಗೆ ಜಾರಿತು.

ಬೊಳ್ಳು ಒಮ್ಮೆ ನನ್ನ ಮುಖ ನೋಡಿದ.
ಆಮೇಲೆ ಸಾಕ್ಷಿಯನ್ನೆಲ್ಲ ನುಂಗಿದ:
ಬನ್ಸ್, ಚಟ್ನಿ, ಎಣ್ಣೆ ಹೀರಿದ ಪೇಪರು,
ಕಟ್ಟಿದ ದಾರ.

"ದಾರ, ಬಟ್ಟೆ, ಪ್ಲಾಸ್ಟಿಕ್ ಏನಾದರೂ ನುಂಗಿದೆಯಾ?
ಟೈಲರ ಮನೆಯ ನಾಯಿ ಅಲ್ವಾ, ಅದಕ್ಕೆ ಕೇಳಿದೆ.
ಕರುಳಿಗೆ ಸುತ್ತಿದರೆ ಕೊಯ್ಯಬೇಕಾದೀತು."

ಬೊಳ್ಳು ಕಣ್ಣು ತೆರೆದ.
ಹೇಳುವುದಿದ್ದರೆ ನೀನೇ ಹೇಳು,
ನಾನಂತೂ ಹೇಳುವವನಲ್ಲ ಎಂಬ ಹಾಗೆ.

"ಹದಿನಾಲ್ಕು ಇಂಚು ಡಾಕ್ಟ್ರೆ" ಎಂದೆ.
"ಬಿಳಿ ದಾರ. ಒಂಟಿ ಎಳೆ. ಗಂಟು ಒಂದು.
ಅದರ ಜೊತೆ ಬನ್ಸ್, ನಾಲ್ಕು."

ಫ್ಯಾನು ತಿರುಗುವುದು ಕೇಳಿಸಿತು.
ವಾರಿಜ ನಾಯಿಯನ್ನು ನೋಡಲಿಲ್ಲ.
"ನಾಯಿಗೆ ನಾಲ್ಕು ಯಾಕೆ?" ಎಂದಳು,
ಮೆಲ್ಲಗೆ, ನನ್ನ ಹೊಟ್ಟೆಯನ್ನೇ ನೋಡುತ್ತ.

ಇಂಜೆಕ್ಷನ್ ಎರಡು, ಒಂದು ಬಾಟಲಿ ಡ್ರಿಪ್.
ಒಂದು ದಿನ ಏನೂ ಇಲ್ಲ,
ಮತ್ತೆ ಬೆಳ್ತಿಗೆ ಅಕ್ಕಿಯ ತೆಳು ಗಂಜಿ.
ವಾರಿಜ ಎರಡು ಬಟ್ಟಲಿಗೆ ಬಡಿಸಿದಳು.
ಒಂದನ್ನು ಕೆಳಗಿಟ್ಟಳು.
ಇನ್ನೊಂದನ್ನೂ ಕೆಳಗೇ ಇಡುತ್ತಾಳೇನೋ ಎಂದು
ಒಂದು ಗಳಿಗೆ ಹೆದರಿದೆ.

ಮೂರನೆಯ ಬೆಳಿಗ್ಗೆ, ಬಸಳೆ ಚಪ್ಪರದ ಬುಡದಲ್ಲಿ,
ದಾರ ಬಂತು.
ಕಡ್ಡಿಯಲ್ಲಿ ಎತ್ತಿ, ನಳ್ಳಿ ನೀರಲ್ಲಿ ತೊಳೆದು,
ನನ್ನದೇ ಟೇಪು ಹಿಡಿದು ಅಳೆದಳು.

ಹದಿಮೂರೂವರೆ.

ಗಂಟಿಗೆ ಹೋಗಿರಬಹುದು ಎಂದೆ.
ಜಗಿದಿರಬಹುದು, ಕುಗ್ಗಿರಬಹುದು, ನೂಲಲ್ಲವೇ.
ಬೊಳ್ಳು ಬಾಲ ಅಲ್ಲಾಡಿಸಿದ, ನನ್ನ ಪರವಾಗಿ.

ಅವಳು ಟೇಪು ಸುತ್ತಿ ಜೇಬಿಗೆ ತುರುಕಿದಳು.
ಈಗ ದಿನಾ ನಾಲ್ಕು ಗಂಟೆಗೆ
ಅಂಗಡಿಗೆ ಬರುತ್ತಾಳೆ,
ಉಳಿದ ಅರ್ಧ ಇಂಚು ಹುಡುಕಿಕೊಂಡು.